ನಾನು ಸ್ಟೇರಿಂಗ್ ಹಿಡಿದ ದಿನವೇ ಹೊತ್ತಿಕೊಂಡ ಹಳದಿ ದೀಪಕ್ಕೆ

ನಮ್ಮ ಕಾರಿನ ಸ್ಪೀಡೋಮೀಟರಿನ ಮಗ್ಗುಲಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುವ ಶ್ರೀಮಾನ್ ಎಂಜಿನ್ ದೀಪದವರಿಗೆ,

ಮಾನ್ಯರೇ,

ಹಿಂದೂಪುರದಲ್ಲಿ ರೇಷ್ಮೆ ಸೀರೆ ವ್ಯಾಪಾರ ಮಾಡಿಕೊಂಡಿರುವ ಉಮಾದೇವಿ ತಮಗೆ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ, ತಾವು ಆರಿದ ಮೇಲಂತೂ ಇನ್ನೂ ಒಂದು ಕೈ ಹೆಚ್ಚಾಗಿಯೇ ಕ್ಷೇಮವಾಗಿದ್ದೇವೆ. ತಾವು ಉರಿಯುತ್ತಿದ್ದಾಗ ತಮ್ಮ ಎದುರು ನಿಂತು ಮಾತಾಡುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ, ಹೇಳಬೇಕಾದದ್ದನ್ನು ಈಗ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ, ಮನ್ನಿಸಬೇಕು.

ಮೊದಲಿಗೆ ತಮ್ಮ ಸಮಯಪ್ರಜ್ಞೆಯನ್ನು ಕೊಂಡಾಡದೆ ಮುಂದೆ ಹೋಗಲಾರೆ. ಲೈಸೆನ್ಸು ಕೈಗೆ ಬಂದು, ಮಾವನವರು ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟು, ಬೀದಿಯ ಹೆಂಗಸರೆಲ್ಲ ಗೇಟಿಗೆ ಬಂದು ನಿಂತು ನೋಡುತ್ತಿರುವಾಗ, ನಾನು ಮೊಟ್ಟಮೊದಲ ಬಾರಿಗೆ ಒಬ್ಬಳೇ ಕಾರು ತೆಗೆದು ಲೇಪಾಕ್ಷಿ ರಸ್ತೆಗೆ ತಿರುಗಿಸಿದ ಗಳಿಗೆಯನ್ನೇ ಹುಡುಕಿ ತೆಗೆದು ತಾವು ಹೊತ್ತಿಕೊಂಡಿರಿ. ಅದಕ್ಕೆ ಮುಂಚೆ ನಮ್ಮ ಯಜಮಾನರಾದ ಚಂದ್ರಮೋಹನರು ಅದೇ ಕಾರನ್ನು ಹಳ್ಳಕ್ಕೆ ಇಳಿಸಿದ್ದರು, ಬೇಲಿಗೆ ತಗುಲಿಸಿದ್ದರು, ಎರಡನೇ ಗೇರಿನಲ್ಲಿ ಪೆನುಕೊಂಡದವರೆಗೆ ಓಡಿಸಿದ್ದರು. ತಾವು ಒಂದು ದಿನವಾದರೂ ಕಣ್ಣು ಬಿಟ್ಟವರಲ್ಲ. ಇಂಥ ತಾಳ್ಮೆ ಯಾರಿಗುಂಟು?

ನಾನು ಮನೆಗೆ ವಾಪಸು ಬಂದು ತಮ್ಮನ್ನು ತೋರಿಸಿದಾಗ ಯಜಮಾನರು ಬಾನೆಟ್ಟನ್ನು ಎತ್ತಲಿಲ್ಲ, ಕೀಲಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡರು. "ಹೊಸ ಕೈ ಕಣೇ, ಗಾಡಿಗೆ ಗೊತ್ತಾಗ್ಬುಡ್ತದೆ. ದೀಪ ಆರೋಗಂಟ ಕೀ ನನ್ ತಾವೇ ಇರ್ಲಿ," ಅಂದರು. ಮಾವನವರು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಗೋಡೆಗೆ ಹೇಳಿದಂತೆ ಹೇಳಿದರು. ನಮ್ಮ ಮನೆಯ ಗೋಡೆಗೆ ಕಾರು ಓಡಿಸಲು ಬರುವುದಿಲ್ಲವಾದ್ದರಿಂದ ಅದು ನನಗೇ ಎಂದು ತಿಳಿದುಕೊಂಡೆ.

ತಮಗೆ ಗೊತ್ತಿರಲಾರದ ಒಂದು ಸಂಗತಿ ಇಲ್ಲಿ ಅರಿಕೆ ಮಾಡಬೇಕು. ನಾನು ಕಾರು ಕಲಿತದ್ದು ಷೋಕಿಗಲ್ಲ. ಕಲ್ಯಾಣದುರ್ಗದಲ್ಲಿ ಆದೆಮ್ಮ ಎಂಬ ಪುಣ್ಯಾತ್ಗಿತ್ತಿ ತಮ್ಮ ಮನೆಯ ಮುಂದಿನ ಕೋಣೆಯನ್ನು ನನ್ನ ಎರಡನೇ ಅಂಗಡಿಗೆಂದು ಖಾಲಿ ಇಟ್ಟಿದ್ದರು. ವಾರಕ್ಕೆರಡು ಸಲ ಸೀರೆ ಗಂಟು ಹೊತ್ತು ಬಸ್ಸು ಬದಲಾಯಿಸಿ ಅಲ್ಲಿಗೆ ಹೋಗಿ ಬರುವುದು ನನ್ನ ಸೊಂಟಕ್ಕೆ ಆಗದ ಮಾತು. ಕಾರಿನ ಕೀಲಿ ನನ್ನ ಕೈಯಲ್ಲಿದ್ದರೆ ಅಂಗಡಿ ಉಂಟು, ಇಲ್ಲದಿದ್ದರೆ ಇಲ್ಲ. ಯುಗಾದಿಯೊಳಗೆ ತೆರೆಯದಿದ್ದರೆ ಮೊಬೈಲ್ ರಿಪೇರಿಯವನಿಗೆ ಕೊಡುತ್ತೇನೆಂದು ಆದೆಮ್ಮ ಬೇಸರದಿಂದಲೇ ಫೋನ್ ಮಾಡಿದ್ದರು. ಆವತ್ತು ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ.

ಇನ್ನು ತಮ್ಮ ಚಿಕಿತ್ಸೆಯ ವಿಚಾರ. ನಮ್ಮೂರಿನ ಮೆಕ್ಯಾನಿಕ್ ಗಂಗರಾಜು ತಮ್ಮ ಹೊಟ್ಟೆಗೆ ಸ್ಕ್ಯಾನರ್ ಚುಚ್ಚಿ, ಜಾತಕ ಓದುವವರ ಗತ್ತಿನಲ್ಲಿ, ಇದು ವಾಲ್ವ್ ಟೈಮಿಂಗಿನ ಕರೆಂಟಿನ ದೋಷ ಎಂದು ಸಾರಿದ. ಎಂಜಿನ್ ಉಸಿರು ಎಳೆದು ಬಿಡಲು ಬಾಗಿಲುಗಳಿವೆಯಂತೆ, ವೇಗಕ್ಕೆ ತಕ್ಕಂತೆ ಅವು ಒಂದಿಷ್ಟು ಮುಂಚೆಯೋ ತಡವಾಗಿಯೋ ತೆರೆಯಬೇಕಂತೆ, ಅದನ್ನು ನೋಡಿಕೊಳ್ಳಲು ಸೊಲೆನಾಯ್ಡ್ ಎಂಬ ಹೆಬ್ಬೆರಳಿನಷ್ಟು ದಪ್ಪದ ಕಾವಲುಗಾರ ಇದ್ದಾನಂತೆ, ಅವನಿಗೆ ಕರೆಂಟು ಮುಟ್ಟುತ್ತಿಲ್ಲವಂತೆ. ಇಷ್ಟನ್ನು ಚೆನ್ನಾಗಿ ಹೇಳಿದ ಗಂಗರಾಜು, ಕರೆಂಟು ಎಲ್ಲಿ ನಿಂತಿದೆ ಎಂದು ನೋಡುವ ಗೋಜಿಗೆ ಹೋಗದೆ, ಕಾವಲುಗಾರನನ್ನೇ ಕಿತ್ತು ಹೊಸಬನನ್ನು ಕೂರಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಾವು ಒಂದು ದಿನ ಆರಿದಂತೆ ಮಾಡಿ ಮಾರನೆಯ ಬೆಳಿಗ್ಗೆ ಮತ್ತೆ ಹೊತ್ತಿಕೊಂಡಿರಿ. ಆಯಿಲ್ ಬದಲಾಯಿತು, ಸೆನ್ಸರ್ ಬದಲಾಯಿತು, ಕೊನೆಗೆ ಕಾರಿನ ಕಂಪ್ಯೂಟರೇ ಹೋಗಿರಬೇಕು ಎಂದ. ಇಷ್ಟೆಲ್ಲ ಬದಲಾದರೂ, ಓಡಿಸಿದ ಕೈಯದೇ ತಪ್ಪು ಎಂಬ ಯಜಮಾನರ ಅಭಿಪ್ರಾಯ ಮಾತ್ರ ಬದಲಾಗಲಿಲ್ಲ.

ಕಡೆಗೆ ಒಂದು ರಜೆಯ ದಿನ ನಾವಿಬ್ಬರೂ ಆದೆಮ್ಮನಿಗೆ ಕೋಣೆ ಬೇಡವೆಂದು ಹೇಳಿ ಬರಲು ಹೊರಟೆವು. ಕಾರು ಓಡಿಸಿದವರು ಯಜಮಾನರೇ. ರೊದ್ದಂ ದಾಟುವಾಗಲೇ ಎಂಜಿನ್ ಗಡಗಡ ನಡುಗತೊಡಗಿತು, ಕಂಬದೂರಿನ ಏರಿನಲ್ಲಿ ಕುರಿಮಂದೆಯೊಂದು ನಮ್ಮನ್ನು ಹಿಂದಿಕ್ಕುವಷ್ಟು ಎಳೆತ ಬಿದ್ದುಹೋಯಿತು. ನಾನು ಓಡಿಸಿದಾಗ ಕೈ ಸರಿಯಿರಲಿಲ್ಲ, ಅವರು ಓಡಿಸುವಾಗ ರಸ್ತೆ ಸರಿಯಿಲ್ಲ ಎಂಬ ಹೊಸ ಶಾಸ್ತ್ರವನ್ನು ನಾನು ಆ ಏರಿನಲ್ಲಿ ಕಲಿತೆ. ಕಲ್ಯಾಣದುರ್ಗ ತಲುಪಿದವರೇ ಮೊದಲು ಸಿಕ್ಕ ಆಟೋ ಎಲೆಕ್ಟ್ರಿಷಿಯನ್ ಅಂಗಡಿಗೆ ಕಾರು ನುಗ್ಗಿಸಿದೆವು.

ಆ ಅಂಗಡಿಯ ಪೋತಪ್ಪ ಮಹಾ ಬಾಯಾಳಿ. ಒಂದು ಕೈಯಲ್ಲಿ ಫೋನ್ ಹಿಡಿದು ಭಾಮೈದನ ಜೊತೆ ತೆಲುಗಿನಲ್ಲಿ ಜಗಳ ಆಡುತ್ತಲೇ ಇನ್ನೊಂದು ಕೈಯಲ್ಲಿ ಮೀಟರ್ ಹಿಡಿದು ನೋಡಿದ. ಹೊಸ ಸೊಲೆನಾಯ್ಡ್ ಸರಿಯಾಗಿತ್ತು. ಡಿಕ್ಕಿಯಲ್ಲಿ ಬಿದ್ದಿದ್ದ ಹಳೆಯದನ್ನೂ ತರಿಸಿ ನೋಡಿದ, ಅದೂ ಸರಿಯಾಗಿಯೇ ಇತ್ತು. ಆಮೇಲೆ ಸೊಲೆನಾಯ್ಡಿಗೆ ಕರೆಂಟು ತರುವ ವೈರಿನ ಜಾಡು ಹಿಡಿದು ಬಂದು, ಅದರ ತುದಿಯ ಸಾಕೆಟ್ಟನ್ನು ಕಿತ್ತು ಬಿಸಿಲಿಗೆ ಹಿಡಿದ. ಒಳಗೆ ಒಂದು ಪಿನ್ನು ಹಸಿರುಗಟ್ಟಿ ಅರ್ಧ ತಿಂದುಹೋಗಿತ್ತು, ಸುತ್ತ ಅಂಟಂಟಾದ ಜಿಡ್ಡು, ಜಿಡ್ಡಿನಲ್ಲಿ ಕುಂಕುಮ. ಪೋತಪ್ಪ ಭಾಮೈದನ ಜಗಳವನ್ನು ಅಲ್ಲಿಗೇ ನಿಲ್ಲಿಸಿ, "ಇದ್ಯಾರಮ್ಮ ಎಂಜಿನ್‌ಗೆ ಕಾಯಿನೀರು ಕುಡ್ಸವ್ರೆ?" ಎಂದು ಕೇಳಿದ.

ಮಾನ್ಯರೇ, ಊರಿನವರೆಲ್ಲ ಆಯುಧಪೂಜೆಯ ದಿನ ತೆಂಗಿನಕಾಯಿಯನ್ನು ಚಕ್ರದ ಮುಂದೆ ಒಡೆಯುತ್ತಾರೆ. ನಮ್ಮ ಯಜಮಾನರ ಭಕ್ತಿ ಅಷ್ಟಕ್ಕೆ ನಿಲ್ಲುವಂಥದ್ದಲ್ಲ. ದುಡಿಯುವುದು ಎಂಜಿನ್ ತಾನೇ, ಪುಣ್ಯವೆಲ್ಲ ಬಂಪರಿಗೆ ಹೋಗುವುದೇಕೆ ಎಂದು ಬಾನೆಟ್ ತೆಗೆದು, ಕಾಯಿ ಒಡೆದು, ಎಂಜಿನ್ನಿನ ನೆತ್ತಿಯ ಮೇಲೆ ಧಾರೆ ಎರೆದು, ಕುಂಕುಮ ಬಳಿದಿದ್ದರು. ಆ ತೀರ್ಥ ಸಾಕೆಟ್ಟಿಗೆ ಇಳಿದು, ಸಂಕ್ರಾಂತಿಯವರೆಗೆ ನಿಧಾನವಾಗಿ ಪಿನ್ನನ್ನು ಮೆದ್ದು, ನಾನು ಸ್ಟೇರಿಂಗ್ ಹಿಡಿಯುವ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಿತ್ತು. ಪೋತಪ್ಪ ಹಾಗೆ ಕೇಳಿದ್ದು ನನ್ನನ್ನು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಯಜಮಾನರು ತಮ್ಮ ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡರು. "ಶಾಸ್ತ್ರಕ್ಕೆ ಒಂಚೂರು ಹಾಕಿದ್ದು ಕಣಪ್ಪ," ಎಂಬ ಮಾತು ಅವರ ಗಂಟಲಿನಿಂದ ಬಹಳ ಸಣ್ಣಗೆ ಹೊರಬಂತು.

ಪೋತಪ್ಪ ಹೊಸ ಪಿನ್ನು ಹಾಕಿ ತಮ್ಮನ್ನು ಆರಿಸಿದ. ಎಂಜಿನ್ ಬೆಕ್ಕಿನಂತೆ ಗುರುಗುಟ್ಟಿತು. ನಾವು ಆದೆಮ್ಮನ ಮನೆಗೆ ಹೋದೆವು, ಆದರೆ ಬೇಡವೆನ್ನುವುದಕ್ಕಲ್ಲ, ಕೋಣೆಗೆ ಯಾವ ಬಣ್ಣ ಬಳಿಸುವುದೆಂದು ಕೇಳುವುದಕ್ಕೆ. ಹೊರಗೆ ಬಂದು ನಾನು ಕೈ ಚಾಚಿದೆ. ಅವರು ಒಂದು ಗಳಿಗೆ ಆಕಾಶ ನೋಡಿ ಕೀಲಿಯನ್ನು ನನ್ನ ಅಂಗೈಗೆ ಹಾಕಿದರು. ಹಿಂದೂಪುರದವರೆಗೂ ನಾನೇ ಓಡಿಸಿದೆ. ಅವರು ಪಕ್ಕದ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ತುಳಿದರು.

ಈಗ ನನ್ನ ಬೇಡಿಕೆಗಳು, ದಯವಿಟ್ಟು ತಮ್ಮ ಮೇಲಿನವರಿಗೆ ತಲುಪಿಸಬೇಕು. ಇನ್ನು ಮುಂದೆ ತಾವು ಹೊತ್ತಿಕೊಳ್ಳುವಾಗ ಬರಿಯ ಎಂಜಿನ್ನಿನ ಚಿತ್ರ ತೋರಿಸಿ ಸುಮ್ಮನಾಗದೆ, ತಪ್ಪು ಮಾಡಿದವರ ಹೆಸರು ಮತ್ತು ತಂದೆಯ ಹೆಸರನ್ನು ಕನ್ನಡ, ತೆಲುಗು ಎರಡರಲ್ಲೂ ತೋರಿಸಬೇಕು. ಸಾಧ್ಯವಾದರೆ ಸಂಸಾರಸ್ಥ ಗಂಡಸರ ಹಣೆಗೂ ತಮ್ಮಂಥ ಒಬ್ಬೊಬ್ಬರನ್ನು ಕಂಪನಿಯಿಂದಲೇ ಕೂರಿಸಿ ಕಳಿಸಬೇಕು. ಒಳಗೆ ಸಾಕೆಟ್ ಹಸಿರುಗಟ್ಟಿದೆಯೆಂದು ಮದುವೆಗೆ ಮುಂಚೆಯೇ ಗೊತ್ತಾದರೆ ಎಷ್ಟೋ ಮನೆಗಳು ಉಳಿಯುತ್ತವೆ.

ತಮ್ಮ ಬೆಳಕಿನಲ್ಲಿ ಬೆಂದು ಕಣ್ಣು ತೆರೆದವಳು,
ತಮ್ಮ ವಿಶ್ವಾಸಿ,
ಉಮಾದೇವಿ

ಮರೆತಿದ್ದೆ: ಮತ್ತೆ ಹೊತ್ತಿಕೊಳ್ಳುವ ಆಸೆ ತಮಗಾದರೆ, ನನ್ನ ಕೈಯಲ್ಲಿ ಬೇಡ, ನಮ್ಮ ಯಜಮಾನರು ಓಡಿಸುವಾಗ ಹೊತ್ತಿಕೊಳ್ಳಿ. ಅದಕ್ಕೆ ನಾನು ಮೊದಲು ಅವರಿಗೆ ಕೀಲಿ ಕೊಡಬೇಕಲ್ಲ, ಆ ವಿಚಾರ ಇನ್ನೂ ಪರಿಶೀಲನೆಯಲ್ಲಿದೆ.