ಎಡಗಡೆಯಿಂದ ಬರುವವರು ಇನ್ನು ಕೆಮ್ಮಬೇಕಾಗಿಲ್ಲ

ಸಂಖ್ಯೆ: ಆಡಳಿತ/ಕಣ್ಣು/ಎಡಬದಿ/೨

ಸುತ್ತೋಲೆ

ವಿಷಯ: ಮುಖ್ಯಸ್ಥರ ದೃಷ್ಟಿ ಹಾಗೂ ಸಿಬ್ಬಂದಿಯ ಕೆಮ್ಮಿನ ಕುರಿತು.

ಉಲ್ಲೇಖ: ಈ ಕಚೇರಿಯ ಹಿಂದಿನ ಸುತ್ತೋಲೆ (ಕೆಮ್ಮಿ ಒಳಬರುವ ಬಗ್ಗೆ).

ಈ ಕಚೇರಿಯ ಮುಖ್ಯಸ್ಥರು ಕೆಲಕಾಲದಿಂದ ಬಾಗಿಲಿನ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದುದನ್ನೂ, ಪಕ್ಕದಲ್ಲಿ ನಿಂತವರನ್ನು ಕಾಣದಂತೆ ಮುಂದೆ ಸಾಗುತ್ತಿದ್ದುದನ್ನೂ ಸಿಬ್ಬಂದಿಯು ಕೋಪವೆಂದು ಭಾವಿಸಿತ್ತು. ಕೆಲವು ಗುಮಾಸ್ತರು ತಪ್ಪೇನೆಂದು ತಿಳಿಯದೆಯೇ ಕ್ಷಮಾಪಣೆ ಸಲ್ಲಿಸಿದ್ದರು. ಅವರಿಗೆ ಎಡಬದಿ ಕಾಣುತ್ತಿಲ್ಲವೆಂದು ಅರಿವಾದ ಬಳಿಕ ಗೌರವಪೂರ್ವಕವಾಗಿ ಅವರ ದಾರಿಯ ಬೀರುಗಳನ್ನು ಸರಿಸಿ, ಎಡಗಡೆಯಿಂದ ಬರುವವರು ಕೆಮ್ಮಿ ಬರತಕ್ಕದ್ದೆಂದು ಸೂಚಿಸಲಾಗಿತ್ತು. ಕಣ್ಣಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ.

ಹೀಗಿರುವಾಗ ಮುಖ್ಯಸ್ಥರ ಅಕ್ಕನವರು ಪೂರ್ವಾನುಮತಿ ಪಡೆಯದೆ ಊಟದ ಡಬ್ಬಿಯೊಂದಿಗೆ ಬಂದು, ತಮ್ಮನ ಎಡಗಡೆ ಕೆಮ್ಮದೆಯೇ ನಿಂತರು. ಯಾರೋ ಬಂದ ಸದ್ದಿಗೆ ಮುಖ್ಯಸ್ಥರು ಎದುರಿನ ಕೋಟು ತೂಗುಹಾಕಿದ ಗೂಟಕ್ಕೆ “ಕೂತ್ಕೊಳ್ಳಿ” ಎಂದರು.

“ಏನೋ ಇದು, ನಾನು ಪಕ್ಕದಲ್ಲೇ ನಿಂತಿದ್ರೆ ಗೂಟಕ್ಕೆ ಉಪಚಾರ ಮಾಡ್ತೀಯಲ್ಲೋ? ಏಳು, ಮೊದ್ಲು ಕಣ್ಣು ತೋರಿಸ್ಕೊಂಡು ಬರೋಣ” ಎಂದು ಅಕ್ಕನವರು ಮೌಖಿಕ ಆದೇಶ ಹೊರಡಿಸಿದರು. “ಮೀಟಿಂಗ್ ಇದೆ ಅಕ್ಕಾ” ಎಂಬ ಮನವಿಯನ್ನು ತಿರಸ್ಕರಿಸಲಾಯಿತು.

ನೇತ್ರವೈದ್ಯರು ಇದನ್ನು ಗ್ಲಾಕೋಮಾ ಎಂದು ದೃಢಪಡಿಸಿದ್ದಾರೆ. ಇದರಲ್ಲಿ ಕಣ್ಣಿನ ನರವು ನೋವಿಲ್ಲದೆ, ಸದ್ದಿಲ್ಲದೆ ಸವೆಯುತ್ತದೆ. ಸಾಮಾನ್ಯವಾಗಿ ಬದಿಯ ನೋಟ ಮೊದಲು ಹೋಗುತ್ತದೆ. ಹೋದ ನೋಟ ಮರಳುವುದಿಲ್ಲ. ಉಳಿದದ್ದನ್ನು ದಿನವೂ ಹನಿಮದ್ದು ಹಾಕಿ ಕಾಪಾಡಿಕೊಳ್ಳಬಹುದಾಗಿದೆ. “ಇಷ್ಟು ದಿನ ಯಾರೂ ಹೇಳ್ಲಿಲ್ವಾ?” ಎಂಬ ವೈದ್ಯರ ಪ್ರಶ್ನೆಯನ್ನು ಸ್ವೀಕರಿಸಿ, ಕೆಮ್ಮಿನ ಸುತ್ತೋಲೆಯ ಕಡತಕ್ಕೆ ಸೇರಿಸಲಾಗಿದೆ.

ಆದ್ದರಿಂದ ಎಲ್ಲರ ಗಮನಕ್ಕೆ ತರುವುದೇನೆಂದರೆ:

೧. ಕೆಮ್ಮನ್ನು ರದ್ದುಪಡಿಸಲಾಗಿದೆ. ಎಡಗಡೆಯಿಂದ ಬರುವವರು ತಮ್ಮ ಹೆಸರು ಹೇಳಿ ಬರತಕ್ಕದ್ದು. ನಿಜವಾದ ಕೆಮ್ಮುಳ್ಳವರು ವೈದ್ಯಕೀಯ ಪ್ರಮಾಣಪತ್ರ ಸಲ್ಲಿಸಿ ಕೆಮ್ಮಬಹುದು.

೨. ನಲವತ್ತು ದಾಟಿದವರೆಲ್ಲರೂ ಕಣ್ಣಿನ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಕೂದಲಿಗೆ ಬಣ್ಣ ಹಚ್ಚಿಕೊಂಡ ಕಾರಣಕ್ಕೆ ವಿನಾಯಿತಿ ಇರುವುದಿಲ್ಲ.

೩. ತಪಾಸಣೆಯ ಅಕ್ಷರಫಲಕವನ್ನು ಬಾಯಿಪಾಠ ಮಾಡತಕ್ಕದ್ದಲ್ಲ. ಫಲಕವನ್ನು ಗೋಡೆಗೆ ತೂಗುಹಾಕುವ ಮೊದಲೇ ಪೂರ್ತಿ ಓದಿ ಮುಗಿಸಿದ ಲೆಕ್ಕಪತ್ರ ಶಾಖೆಯವರು ಮತ್ತೊಮ್ಮೆ ಹಾಜರಾಗತಕ್ಕದ್ದು.

೪. ಹನಿಮದ್ದು ಹಾಕಿಕೊಳ್ಳುವಾಗ ಮುಖ್ಯಸ್ಥರು ಛಾವಣಿಯನ್ನು ನೋಡುವರು. ಸಿಬ್ಬಂದಿಯೂ ಗೌರವಾರ್ಥವಾಗಿ ಛಾವಣಿ ನೋಡುವ ಅಗತ್ಯವಿಲ್ಲ. ಹಾಗೆ ನೋಡಿದ್ದರಿಂದ ಈಗಾಗಲೇ ಎರಡು ಕಡತಗಳ ಮೇಲೆ ಚಹಾ ಚೆಲ್ಲಿದೆ.

೫. ಮೇಲಧಿಕಾರಿಗೆ ಕಣ್ಣು ಕಾಣುತ್ತಿಲ್ಲವೆಂದು ಅನ್ನಿಸಿದಲ್ಲಿ ನೇರವಾಗಿ ಹೇಳತಕ್ಕದ್ದು. ಇದನ್ನು ಅವಿಧೇಯತೆಯೆಂದು ಪರಿಗಣಿಸಲಾಗುವುದಿಲ್ಲ. ಹೇಳದಿರುವುದನ್ನು ಪರಿಗಣಿಸಲಾಗುವುದು.

(ಸಹಿ)
ಉಪ ಮುಖ್ಯಸ್ಥರು
(ಮುಖ್ಯಸ್ಥರು ಓದಿ ಒಪ್ಪಿರುತ್ತಾರೆ)

ಪ್ರತಿಗಳು:

೧. ಎಲ್ಲ ಶಾಖೆಗಳಿಗೆ, ದಪ್ಪ ಅಕ್ಷರಗಳಲ್ಲಿ.

೨. ಪೀಠೋಪಕರಣ ಶಾಖೆಗೆ. ಬೀರುಗಳು ಸರಿಸಿದಲ್ಲಿಯೇ ಇರತಕ್ಕದ್ದು.

೩. ಅಕ್ಕನವರಿಗೆ. ಈ ರೋಗವು ಒಡಹುಟ್ಟಿದವರಿಗೂ ಬರಬಹುದಾಗಿದ್ದು, ತಾವು ಇದುವರೆಗೆ ತಪಾಸಣೆ ಮಾಡಿಸಿಕೊಂಡಿಲ್ಲವೆಂದು ತಿಳಿದುಬಂದಿದೆ. “ನಂಗೇನಾಗಿದೆ, ಚೆನ್ನಾಗೇ ಕಾಣುತ್ತೆ” ಎಂಬ ತಮ್ಮ ಉತ್ತರವನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ. ಸೋಮವಾರ ಬೆಳಿಗ್ಗೆ ತಮ್ಮನವರೇ ಕರೆದೊಯ್ಯಲು ಬರುವರು. ಅವರ ಕೈ ಹಿಡಿದುಕೊಳ್ಳತಕ್ಕದ್ದು. ದಾರಿಯಲ್ಲಿ ರಸ್ತೆ ದಾಟುವುದಿದೆ.