ಭಾನುವಾರದ ಪಾದ್ರಿ

ಆಫೀಸಿನಲ್ಲಿ ದೇವರ ವಿಷಯ ಎತ್ತಬಾರದು ಅಂತ ನಾನು ಎಷ್ಟು ಸಲ ಅಂದುಕೊಂಡರೂ ಅವನೇ ಬಂದು ಮಧ್ಯೆ ಕೂತುಬಿಡುತ್ತಾನೆ. ಜಪಾನಿನ ಮಿನಾಟೋದ ನಮ್ಮ ಆಫೀಸಿನಲ್ಲಿ ಪಕ್ಕದ ಸೀಟಿನವನು ಹಾಲೆಂಡಿನವನು, ಆರಡಿ ನಾಲ್ಕಂಗುಲದ ನಾಸ್ತಿಕ. ನನ್ನ ಹೆಂಡತಿ ಅವನಿಗೆ ಡಚ್ಚಣ್ಣ ಅಂತ ಹೆಸರಿಟ್ಟಿದ್ದಾಳೆ. ನಾನು ದೇವರನ್ನು ನೆನೆಯುವುದು ಪ್ರೊಮೋಷನ್ ಸಮಯದಲ್ಲಿ ಮಾತ್ರ. ನಂಬದ ಇವನ ಬಾಯಲ್ಲಿ ದೇವರು ದಿನಾ ಬರುತ್ತಾನೆ.

ರಾಜೀನಾಮೆ

ಒಂದು ಮಧ್ಯಾಹ್ನ ಕೊಂಬಿನಿ ಅಂಗಡಿಯಿಂದ ತಂದ ಅನ್ನದುಂಡೆ ಬಿಚ್ಚುತ್ತಾ, ಊರಿನ ಚರ್ಚಿಗೆ ಹಿಂದೆಯೇ ಪತ್ರ ಬರೆದು ಹೆಸರು ತೆಗೆಸಿಕೊಂಡೆ ಅಂದ ಡಚ್ಚಣ್ಣ. ಅವರ ದೇಶದಲ್ಲಿ ಈಗ ಬಹಳ ಜನ ಹಾಗೆ ಮಾಡುತ್ತಾರಂತೆ. ನಾನು ಮೈಸೂರಿನವನು. ನಮ್ಮಲ್ಲಿ ದೇವಸ್ಥಾನಕ್ಕೆ ಹೋಗುವುದನ್ನು ಬಿಡಬಹುದು, ಬಿಟ್ಟೆ ಅಂತ ಪತ್ರ ಬರೆದರೆ ಯಾರ ಕೈಗೆ ಕೊಡುವುದು?

"ಅಂದ್ರೆ ರಿಸೈನ್ ಮಾಡಿದ್ಯಾ? ರಿಲೀವಿಂಗ್ ಲೆಟರ್ ಕೊಟ್ರಾ?"

"ಕೊಟ್ರು. ಒಂದೇ ವಾರದಲ್ಲಿ."

"ಎಕ್ಸಿಟ್ ಇಂಟರ್‌ವ್ಯೂ?"

"ಅದು ನಮ್ಮಮ್ಮಂದು. ಪ್ರತಿ ಭಾನುವಾರ ಫೋನಲ್ಲಿ ನಡೆಯುತ್ತೆ. ಆರು ವರ್ಷ ಆಯ್ತು, ಇನ್ನೂ ಮುಗಿದಿಲ್ಲ."

ಗರ್ಭಗುಡಿ

ಯೋಕೋಹಾಮಾದ ನಮ್ಮ ಮನೆಗೆ ಊಟಕ್ಕೆ ಬಂದಾಗ, ಹಾಲೆಂಡಿನಲ್ಲಿ ತಾನು ಮೂರು ವರ್ಷ ಬಾಡಿಗೆಗಿದ್ದ ಫ್ಲಾಟಿನ ಫೋಟೋ ತೋರಿಸಿದ. ದೊಡ್ಡ ಕಮಾನು, ಬಣ್ಣದ ಗಾಜು. ಜನ ಬರುವುದು ನಿಂತು ಮುಚ್ಚಿದ ಚರ್ಚನ್ನು ಮಾರಿ ಮನೆಗಳನ್ನಾಗಿ ಮಾಡಿದ್ದರಂತೆ.

ಚಪಾತಿ ಬಡಿಸುತ್ತಿದ್ದ ಹೆಂಡತಿ ಅಲ್ಲೇ ನಿಂತಳು. "ಗರ್ಭಗುಡಿ ಇದ್ದ ಜಾಗದಲ್ಲಿ ಏನಿದೆ?"

"ವಾಷಿಂಗ್ ಮೆಷಿನ್."

ಅವಳು ಕೆನ್ನೆ ಕೆನ್ನೆ ಬಡಿದುಕೊಂಡಳು. ಆಮೇಲೆ ಸ್ವಲ್ಪ ಯೋಚಿಸಿ, "ನಿಮ್ಮಮ್ಮ ಚರ್ಚಿಗೆ ವಾರಕ್ಕೊಂದ್ಸಲ ಹೋಗ್ತಾರೆ. ನೀವು ಮೂರು ವರ್ಷ ಅಲ್ಲೇ ಮಲಗಿದ್ರಿ. ಭಕ್ತಿ ಯಾರದು ಜಾಸ್ತಿ ಅಂತ ಕೇಳಿ ಅವರನ್ನ!" ಅಂದಳು.

ಡಚ್ಚಣ್ಣ ಇದನ್ನು ತಕ್ಷಣ ಫೋನಿನಲ್ಲಿ ಬರೆದುಕೊಂಡ.

ಅಮ್ಮ ಬಂದರು

ಇಲ್ಲಿ ದೊಡ್ಡ ಭೂಕಂಪವಾದ ವರ್ಷ, ಊರಲ್ಲಿ ಟೀವಿ ನೋಡಿ ಅತ್ತ ತನ್ನಮ್ಮನ ಸಮಾಧಾನಕ್ಕೆ ಡಚ್ಚಣ್ಣ, "ಪ್ರತಿ ಭಾನುವಾರ ಚರ್ಚಲ್ಲೇ ಇರ್ತೀನಿ" ಅಂದಿದ್ದ. ಅದು ಪೂರ್ತಿ ಸುಳ್ಳೇನಲ್ಲ. ಒಂದು ಹೋಟೆಲಿನಲ್ಲಿ ಮದುವೆಗೆಂದೇ ಕಟ್ಟಿದ ಪುಟ್ಟ ಚರ್ಚಿದೆ, ಅಲ್ಲಿ ಅವನು ಪಾರ್ಟ್‌ಟೈಮ್ ಪಾದ್ರಿ. ಇಲ್ಲಿ ಚರ್ಚಿಗೇ ಕಾಲಿಡದವರಿಗೂ ಮದುವೆಗೆ ಬಿಳಿ ಗೌನು, ಶಿಲುಬೆ, ಎತ್ತರದ ಬಿಳಿಯ ಪಾದ್ರಿ ಬೇಕು. ಪಾದ್ರಿ ದೇವರನ್ನು ನಂಬಬೇಕೆಂದು ಯಾರೂ ಕೇಳುವುದಿಲ್ಲ.

ಮರುವರ್ಷ ಅಮ್ಮ ಬಂದೇಬಿಟ್ಟರು. ಭಾನುವಾರ ಮಗನ ಚರ್ಚು ನೋಡಬೇಕಂತೆ.

ಡಚ್ಚಣ್ಣ ನನ್ನ ಕೈ ಹಿಡಿದ. "ಇದು ನಾಟಕ ಅಂತ ಗೊತ್ತಾದ್ರೆ ಅಮ್ಮ ನನ್ ಹತ್ರ ಮಾತು ಬಿಟ್ಬಿಡ್ತಾರೆ. ಅವತ್ತು ಅವರನ್ನ ಬೇರೆ ಕಡೆ ಕರ್ಕೊಂಡು ಹೋಗಿ, ಆ ದೊಡ್ಡ ಬುದ್ಧನ ವಿಗ್ರಹ ತೋರಿಸಿಕೊಂಡು ಬಾ, ಪ್ಲೀಸ್."

ಅಮ್ಮ ಒಪ್ಪಲಿಲ್ಲ. ಮಗನ ಫ್ರಿಜ್ಜಿನ ಮೇಲೆ ಅಂಟಿಸಿದ್ದ, ಆ ಚರ್ಚಿರುವ ಹೋಟೆಲಿನ ವಿಳಾಸ ಅವರ ಕೈಯಲ್ಲಿತ್ತು. ಮದುವೆ ಶುರುವಾಗುವ ಹೊತ್ತಿಗೆ ಅಮ್ಮನೂ ನಾನೂ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆವು. ಬಾಗಿಲಲ್ಲಿದ್ದ ಹುಡುಗಿಗೆ, ಯಾರ ಕಡೆಯವರು ಅಂತ ವಿದೇಶಿಯರನ್ನು ಕೇಳಲು ಸಂಕೋಚ. ಬಗ್ಗಿ ನಮಸ್ಕರಿಸಿದಳು, ಅಷ್ಟೇ.

ಉದ್ದ ನಿಲುವಂಗಿ ತೊಟ್ಟು ಮಗ ಬಂದ. ಅಮ್ಮ ದಂಗಾದರು. "ಇವನು ಯಾವಾಗ ಪಾದ್ರಿ ಆದ?"

"ಶನಿವಾರ, ಭಾನುವಾರ ಮಾತ್ರ," ಅಂದೆ.

ಇದೆಲ್ಲ ಸಂಬಳದ ನಾಟಕ ಅಂತ ಅವರಿಗೆ ಅರ್ಥವಾಯಿತು. ಮುಖ ಸಣ್ಣದಾಯಿತು, ಹ್ಯಾಂಡ್‌ಬ್ಯಾಗ್ ಎತ್ತಿಕೊಂಡು ಎದ್ದು ನಿಂತರು. ಮಗನೂ ಅವರನ್ನು ನೋಡಿದ, ಬೆವರಿದ. ಅಷ್ಟರಲ್ಲಿ ನೆಲ ನಡುಗಿತು.

ದೀಪಗಳು ತೂಗಾಡಿದವು. ಮದುಮಗಳು ಮದುಮಗನನ್ನು ಬಿಟ್ಟು ಪಾದ್ರಿಯ ತೋಳು ಹಿಡಿದಳು. ಎಲ್ಲರ ಕಣ್ಣೂ ಅವನ ಮೇಲೆ. ಡಚ್ಚಣ್ಣ ಕಣ್ಣು ಬಿಗಿಯಾಗಿ ಮುಚ್ಚಿ, ಕೈ ಜೋಡಿಸಿ, ಡಚ್ ಭಾಷೆಯಲ್ಲಿ ಗಟ್ಟಿಯಾಗಿ ಪ್ರಾರ್ಥಿಸಿದ. ನಡುಕ ನಿಂತಿತು. ಸಭೆ ಒಕ್ಕೊರಲಿನಿಂದ "ಆಮೆನ್" ಅಂದಿತು.

ಅಮ್ಮ ಧಪ್ಪನೆ ಕೂತರು. ಕಣ್ಣಲ್ಲಿ ನೀರು, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ನನಗೆ ಸಂಕಟವಾಯಿತು. "ಏನಂತ ಪ್ರಾರ್ಥನೆ ಮಾಡಿದ?" ಅಂದೆ.

ಅವರು ನಗು ತಡೆಯಲಾರದೆ ಕರ್ಚೀಫು ಬಾಯಿಗೊತ್ತಿಕೊಂಡಿದ್ದರು. "ಅವನು ಚಿಕ್ಕವನಿದ್ದಾಗ, ಊಟಕ್ಕೆ ಮುಂಚೆ ಹೇಳೋಕೆ ನಾನು ಕಲಿಸಿಕೊಟ್ಟಿದ್ದು. ಮರೆತಿಲ್ಲ ನನ್ ಮಗ! 'ದೇವರೇ, ತಟ್ಟೆಯಲ್ಲಿರೋ ಈ ಆಲೂಗಡ್ಡೇನ ಆಶೀರ್ವದಿಸು.'"