ನನ್ನ ಬಿಎಂಎಕ್ಸ್ ಸೈಕಲ್ಲೂ ಆಯುಧ ಪೂಜೆಯ ಗಡುವೂ

ನಾನು ಸ್ಪ್ಯಾನರ್ ಹಿಡಿದ ದಿನ ನಮ್ಮ ಮನೇಲಿ ಏನಾದರೊಂದು ಆಗದೆ ಸೂರ್ಯ ಮುಳುಗಿದ್ದೇ ಇಲ್ಲ. ಹತ್ತನೇ ಕ್ಲಾಸಲ್ಲಿ ಗಣಿತ, ಇಂಗ್ಲಿಷು ಎರಡೂ ಕೈಕೊಟ್ಟು ದಾಸರಹಳ್ಳಿಯ ಮನೇಲಿ ಬಿದ್ದಿದ್ದ ವರ್ಷ ಅದು. ಬೀದಿ ಕೊನೆಯ ಗುಜರಿ ಅಂಗಡೀಲಿ ಚಕ್ರವಿಲ್ಲದ ಬಿಎಂಎಕ್ಸ್ ಒಂದು ಸಿಕ್ಕಿತು. ಗಿಡ್ಡ ಸೈಕಲ್ಲು, ಹಾರಿಸೋಕೆ ನೆಗೆಸೋಕೆ ಅಂತಲೇ ಮಾಡಿದ್ದು. ಬಿಚ್ಚಿ, ತೊಳೆದು, ಪೂರ್ತಿ ನಾನೇ ಜೋಡಿಸ್ತೀನಿ ಅಂದೆ.

ಪೀಣ್ಯದಲ್ಲಿ ಲೇತ್ ಓಡಿಸೋ ಅಪ್ಪ ಫ್ರೇಮನ್ನ ಬೆರಳಲ್ಲಿ ತಟ್ಟಿ ನೋಡಿದರು. "ಆಯುಧ ಪೂಜೆ ದಿನ ಓಡಿದ್ರೆ ನನ್ನ ಮೊಪೆಡ್ ಪಕ್ಕ ನಿಲ್ಸಿ ಪೂಜೆ ಮಾಡ್ತೀನಿ. ಓಡ್ಲಿಲ್ವಾ, ಅವತ್ತೇ ವಾಪಸ್ ಗುಜರಿಗೆ" ಅಂದರು.

ಕಲಿಯೋಕೆ ಅಂತ ಸೈಬರ್ ಸೆಂಟರಿಗೆ ಹೋದೆ. ಅಲ್ಲಿ ವಿಡಿಯೋ ಯಾವಾಗ ನೋಡಿದರೂ ಅರ್ಧಕ್ಕೆ ನಿಂತು ಗಿರಗಿರ ಸುತ್ತುತ್ತಿತ್ತು. ಹಾಗಾಗಿ ಬಿಚ್ಚೋದನ್ನ ಪೂರ್ತಿ ಕಲಿತೆ. ಜೋಡಿಸೋದನ್ನ ದೇವರಿಗೆ ಬಿಟ್ಟೆ.

ಎಡಗಡೆ ಪೆಡಲ್ಲು

ತುಕ್ಕು ಹಿಡಿದ ಪೆಡಲ್ಲುಗಳಲ್ಲಿ ಬಲಗಡೆಯದು ಸಲೀಸಾಗಿ ಬಂತು. ಎಡಗಡೆಯದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮಹಡಿ ರೂಮಲ್ಲಿ ಬಾಡಿಗೆಗಿದ್ದ ಬಾಗಲಕೋಟೆ ಕಡೆಯ ಅಣ್ಣ ಇಳಿದು ಬಂದು, ಸ್ಪ್ಯಾನರಿಗೆ ಉದ್ದ ಪೈಪು ಸಿಕ್ಕಿಸಿ, "ಜಗ್ಗೋ ತಮ್ಮಾ, ನಾ ಅದೀನಿ" ಅಂದರು. ಇಬ್ಬರೂ ಜಗ್ಗಿದೆವು. ಸೈಕಲ್ಲೇ ಎದ್ದು ಅಂಗಳ ಸುತ್ತಿತೇ ಹೊರತು ಪೆಡಲ್ಲು ಬರಲಿಲ್ಲ.

ಅಪ್ಪ ಬಾಗಿಲಲ್ಲಿ ಕೂತು ಟೀ ಕುಡೀತಾ ನೋಡ್ತಾ ಇದ್ದರು. ಟೀ ಮುಗೀತು, ಪೇಪರೂ ಮುಗೀತು. ನಾವಿಬ್ಬರೂ ಸುಸ್ತಾಗಿ ಗೋಡೆಗೆ ಒರಗಿದ ಮೇಲೆ ಎದ್ದು ಬಂದು ಸ್ಪ್ಯಾನರನ್ನ ಆ ಕಡೆ ತಿರುಗಿಸೋ ಬದಲು ಈ ಕಡೆ ತಿರುಗಿಸಿದರು. ಪೆಡಲ್ಲು ಬೆಣ್ಣೆ ಥರ ಬಂತು. ಎಡಗಡೆಯದಕ್ಕೆ ಥ್ರೆಡ್ ಉಲ್ಟಾ ಇರುತ್ತಂತೆ.

ಮೊದಲೇ ಹೇಳೋದಲ್ವಾ ಅಂತ ಕೇಳಿದೆ.

"ನೀನು ಇಷ್ಟೊತ್ತು ಒಂದೇ ಕೆಲಸ ಮಾಡಿದ್ದನ್ನ ನಾನು ನೋಡೇ ಇರ್ಲಿಲ್ಲ ಕಣೋ. ಯಾಕೆ ಕೆಡಿಸೋದು ಅಂತ ಸುಮ್ನಿದ್ದೆ."

ಗಟ್ಟಿ ಮೆಣಸು

ಹ್ಯಾಂಡಲ್ ಬಿಚ್ಚಿದರೆ ಒಳಗಿಂದ ಬೇರಿಂಗ್ ಗುಂಡುಗಳು ಉದುರಿದವು. ಹಳೇ ಗ್ರೀಸು ಒಣಗಿ ಕರ್ರಗಾಗಿದ್ದವು. ಕಳೆದುಹೋಗದೆ ಇರಲಿ ಅಂತ ಅಡುಗೆಮನೆ ಶೆಲ್ಫಲ್ಲಿ ಕೈಗೆ ಸಿಕ್ಕ ಬಟ್ಟಲಿಗೆ ಹಾಕಿಟ್ಟೆ.

ಅವತ್ತು ಅಪ್ಪನಿಗೆ ನೆಗಡಿ. ಅಮ್ಮ ಮೆಣಸಿನ ಸಾರಿಗೆ ಕೂತಳು. ಸ್ವಲ್ಪ ಹೊತ್ತಿಗೆ ನನ್ನ ಕರೆದು, ಈ ಸಲದ ಮೆಣಸು ಪುಡಿನೇ ಆಗ್ತಿಲ್ಲ, ನೀನು ಕುಟ್ಟು ಅಂದಳು. ಸೈಕಲ್ಲಿನ ಮೇಲಿನ ಸಿಟ್ಟನ್ನೆಲ್ಲ ಸೇರಿಸಿ ಕುಟ್ಟಿದೆ. ಕುಟ್ಟಾಣಿ ಚಿಮ್ಮಿತು, ಮೆಣಸು ಜಗ್ಗಲಿಲ್ಲ. ಅಂಗಡಿಯವನು ಮೋಸ ಮಾಡಿದಾನೆ ಅಂತ ನಾನೇ ಅಮ್ಮನಿಗೆ ಹೇಳಿದೆ.

ಊಟಕ್ಕೆ ಕೂತ ಅಪ್ಪನ ಬಾಯಲ್ಲಿ ಕಟ್ ಅಂತ ಸದ್ದಾಯಿತು. ಅಪ್ಪ ಅದನ್ನ ತೆಗೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ, ನನ್ನ ಕಡೆ ತಿರುಗಿದರು. ಉಳಿದ ಗುಂಡುಗಳನ್ನ ಸಾರಿನ ಪಾತ್ರೆಯಿಂದ ಅಯಸ್ಕಾಂತದಲ್ಲಿ ಎತ್ತಿದೆ. ಹ್ಯಾಂಡಲ್ ಜೋಡಿಸಿ ಎಷ್ಟೋ ದಿನ ಆದಮೇಲೂ, ಬಲಕ್ಕೆ ತಿರುಗಿಸಿದರೆ ಒಗ್ಗರಣೆ ವಾಸನೆ ಬರ್ತಿತ್ತು.

ಎದುರುಮನೆ ಅಜ್ಜಿಯ ಕಳ್ಳ

ಹಳೇ ಸೈಕಲ್ ಅಂಗಡಿಯಿಂದ ಚಕ್ರ, ಬ್ರೇಕು ಬಂದವು. ಬಿಎಂಎಕ್ಸಿಗೆ ಮಡ್ಗಾರ್ಡು, ಸ್ಟ್ಯಾಂಡು, ಕ್ಯಾರಿಯರು ಏನೂ ಇರೋದಿಲ್ಲ. ಎದುರುಮನೆ ಅಜ್ಜಿ ಅದನ್ನ ನೋಡಿ, "ಅಯ್ಯೋ ಮಗಾ, ಎಲ್ಲಾ ಬಿಚ್ಕೊಂಡು ಓಗವ್ರಲ್ಲೋ" ಅಂತ ಮರುಗಿದರು. ಇಂಥ ಅವಕಾಶ ಬಿಡೋಕಾಗುತ್ತಾ? ಹೂಂ ಅಜ್ಜಿ, ದಿನಕ್ಕೊಂದು ಸಾಮಾನು ಹೋಗ್ತಾ ಐತೆ, ಹುಷಾರು ಅಂದುಬಿಟ್ಟೆ.

ಬೆಳಗ್ಗೆ ಎದ್ದು ನೋಡಿದರೆ, ಸೀಮೆಎಣ್ಣೇಲಿ ನೆನೆಹಾಕಿ ಹೊರಗಿಟ್ಟಿದ್ದ ನನ್ನ ಚೈನೇ ಇಲ್ಲ. ಎದುರುಗಡೆ ಅಜ್ಜಿಯ ತುಳಸಿ ಕುಂಡವನ್ನ ಯಾವುದೋ ಚೈನಲ್ಲಿ ಗೇಟಿಗೆ ಬಿಗಿದು ಬೀಗ ಹಾಕಿತ್ತು. ಅದು ನನ್ನದು ಅಂದೆ. ಕಳ್ಳ ಬಿಟ್ಟು ಹೋಗಿದ್ದು, ಅವನು ಸಿಗೋವರೆಗೂ ಬಿಚ್ಚೋದಿಲ್ಲ ಅಂದರು.

ಹಬ್ಬ ಹತ್ತಿರ ಬಂದಿತ್ತು. ಇಲ್ಲದ ಕಳ್ಳನನ್ನ ಎಲ್ಲಿಂದ ತರಲಿ? ಆ ಕಳ್ಳ ನಾನೇ ಅಂತ ಒಪ್ಪಿಕೊಂಡು ಚೈನು ಬಿಡಿಸಿಕೊಂಡೆ. ಸ್ವಂತ ಸೈಕಲ್ಲಿಗೇ ಕನ್ನ ಹಾಕಿದವನು ಅಂತ ಅಜ್ಜಿ ಈಗಲೂ ನೆಂಟರಿಗೆಲ್ಲ ನನ್ನ ತೋರಿಸ್ತಾರೆ.

ಪೂಜೆ

ಆಯುಧ ಪೂಜೆ ದಿನ ಬೀದಿ ಉದ್ದಕ್ಕೂ ಗಾಡಿಗಳು ಸಾಲಾಗಿ ನಿಂತಿದ್ದವು. ಎಲ್ಲದರ ಮುಂದಿನ ಚಕ್ರದ ಎದುರಿಗೂ ಒಂದೊಂದು ನಿಂಬೆಹಣ್ಣು. ನಮ್ಮ ಮನೆ ಇಳಿಜಾರಿನ ತುದೀಲಿ. ಅಮ್ಮ ನನ್ನ ಸೈಕಲ್ಲಿಗೂ ವಿಭೂತಿ, ಕುಂಕುಮ, ಸೇವಂತಿಗೆ ಹಾರ ಎಲ್ಲಾ ಹಾಕಿದಳು. ಮಂಗಳಾರತಿ ಆಯಿತು. "ಹತ್ತು, ನೋಡೇಬಿಡಾಣ" ಅಂದರು ಅಪ್ಪ.

ಹತ್ತಿದೆ. ನಿಂಬೆಹಣ್ಣು ಪಚಕ್ ಅಂತು. ಸೈಕಲ್ಲು ಓಡಿತು! ಬ್ರೇಕ್ ಹಿಡಿದೆ, ಇನ್ನೂ ಜೋರಾಗಿ ಓಡಿತು. ಹಿಂದೆ ಅಮ್ಮ ಯಾರಿಗೋ ಖುಷಿಯಾಗಿ ಹೇಳ್ತಿದ್ದದ್ದು ಕೇಳಿಸಿತು: "ರಿಮ್ಮು ಫಳಫಳ ಅನ್ಲಿ ಅಂತ ಕೊಬ್ಬರಿ ಎಣ್ಣೆ ಹಚ್ಚಿದೀನಿ ಕಣ್ರೀ."

ರಸ್ತೆ ಮಧ್ಯೆ ಜನ. ಜಾಗ ಇದ್ದದ್ದು ಗಾಡಿಗಳ ಮುಂದೆ ಮಾತ್ರ. ಆಟೋದವರ ನಿಂಬೆಹಣ್ಣು ಪಚಕ್, ಟೆಂಪೋದವರದು ಪಚಕ್, ಹೊಸ ಕಾರಿಗೆ ಅಂತ ಇಟ್ಟಿದ್ದ ಎರಡೂ ಪಚಕ್ ಪಚಕ್. ಇಡೀ ಬೀದಿಯ ದೃಷ್ಟಿ ನಾನೊಬ್ಬನೇ ತೆಗೆದು, ಕೊನೆಯ ಗುಜರಿ ಅಂಗಡಿಗೆ ನುಗ್ಗಿ, ರಟ್ಟಿನ ರಾಶೀಲಿ ಬಿದ್ದೆ. ಗುಜರಿಯಣ್ಣ ತಕ್ಕಡಿಗೆ ಆರತಿ ಎತ್ತುತ್ತಿದ್ದವರು ತಿರುಗಿ ನೋಡಿ, ಹಬ್ಬದ ದಿನ ಏನೂ ತೂಕ ಹಾಕಲ್ಲ, ನಾಳೆ ಬಾ ಅಂದರು.

ಅಷ್ಟರಲ್ಲಿ ಅಪ್ಪ ಓಡಿ ಬಂದರು. ಹಿಂದೆ ನಿಂಬೆಹಣ್ಣು ಕಳಕೊಂಡವರ ಮೆರವಣಿಗೆ. ಅಪ್ಪ ಸೈಕಲ್ಲು ಎತ್ತಿ, ಚಕ್ರ ತಿರುಗಿಸಿ ನೋಡಿ, ಹಾರ ಸರಿ ಮಾಡಿದರು. ಆಮೇಲೆ ಗುಜರಿಯಣ್ಣನಿಗೆ ಸಮಾಧಾನವಾಗಿ ಹೇಳಿದರು:

"ಸೈಕಲ್ ಚೆನ್ನಾಗಿ ಓಡ್ತೈತೆ, ಮನೇಲಿರ್ಲಿ. ಇವನು ಇಲ್ಲೇ ಬಿದ್ದಿರ್ಲಿ ಬಿಡಣ್ಣ, ನಾಳೆ ತೂಕ ಹಾಕ್ಕೋ."